ಬಹುಭಾಷಾ ಶಾಲೆ: ಶುಲ್ಕ ತೆರುವ ಮುನ್ನ

ಮಾದರಿ ಪರೀಕ್ಷಿಸದೆ ಒಂದು ಮೂಟೆ ಸರಕನ್ನೂ ಕೊಳ್ಳದ ವರ್ತಕರು, ನಾಲ್ಕು ವರ್ಷದ ಮಗುವನ್ನು ಅಂತರರಾಷ್ಟ್ರೀಯ ಶಾಲೆಗೆ ಸೇರಿಸುವಾಗ ಮಾತ್ರ ಪರಿಚಯಪತ್ರ ನೋಡಿಯೇ ಲಕ್ಷಾಂತರ ರೂಪಾಯಿ ತೆರುತ್ತಾರೆ. ಫ್ರೆಂಚ್, ಸ್ಪ್ಯಾನಿಷ್ ಬೋಧಿಸಲಿ, ಆಕ್ಷೇಪವಿಲ್ಲ. ವಾರಕ್ಕೆ ಎಷ್ಟು ತಾಸು, ಬೋಧಿಸುವವರಾರು ಎಂದು ವಿಚಾರಿಸಿದವರೆಷ್ಟು ಮಂದಿ? ಪ್ರಾಥಮಿಕ ಶಿಕ್ಷಣದ ಮಾಧ್ಯಮದ ಆಯ್ಕೆ ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಆಯ್ಕೆಯೊಡನೆ ವಿಚಾರಣೆಯ ಹೊಣೆಯೂ ನಮ್ಮದಾಯಿತು. ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಬೋಧಿಸಬೇಕೆಂದು ರಾಜ್ಯದ 2015ರ ಅಧಿನಿಯಮ ವಿಧಿಸುತ್ತದೆ. ತಾವು ಆರಿಸಿದ ಶಾಲೆಯಲ್ಲಿ ಅದರ ಪಾಲನೆ ಹೇಗೆಂಬುದನ್ನು ಪ್ರವೇಶಕ್ಕೆ ಮುನ್ನವೇ ಕೇಳತಕ್ಕದ್ದು. ನನ್ನ ಮೊಮ್ಮಗ ಬಣ್ಣಗಳ ಹೆಸರನ್ನು ಫ್ರೆಂಚಿನಲ್ಲಿ ಸೊಗಸಾಗಿ ಹೇಳುತ್ತಾನೆ (ಕೇಳಲು ನನಗೂ ಹೆಮ್ಮೆಯೇ). ನಾಳೆ ಅವನು ನಡೆಸಬೇಕಾದ ಅಂಗಡಿಯ ಹಮಾಲರು ಕನ್ನಡದಲ್ಲಿ ಮಾತನಾಡಿಸಿದರೆ ಅಜ್ಜಿಯ ಮುಖ ನೋಡುತ್ತಾನೆ.