ಎಂಜಿನ್ನಿನ ಓಟವೂ ಒಕ್ಕಲಿಗನ ಲಾಭವೂ

ಟ್ರ್ಯಾಕ್ಟರು ಮನೆಗೆ ಬಂದು ವರ್ಷ ತುಂಬುವುದರೊಳಗೆ ಅದರ ಡೀಸೆಲ್ ಪಂಪಿನ ಸೀಲು ಕಿತ್ತು, ತಿರುಪು ತಿರುಗಿಸಿ, ಕಾರ್ಖಾನೆಯವರು ಇಟ್ಟ ಮಿತಿಗಿಂತ ಹೆಚ್ಚು ವೇಗದಲ್ಲಿ ಎಂಜಿನ್ ಓಡಿಸುವ ಚಾಳಿ ನಮ್ಮ ಕಡೆಯ ಕೆಲವು ತರುಣರಲ್ಲಿ ಕಾಣುತ್ತಿದೆ. “ಈಗ ಗಾಡಿ ಹಾರುತ್ತದೆ ನೋಡಿ” ಎಂದು ಅವರು ಹೆಮ್ಮೆಪಡುತ್ತಾರೆ. ಹಾರುವುದೇನೋ ನಿಜ. ಆದರೆ ಸಾಲ ಮಾಡಿ, ಹೊಲದ ಪತ್ರ ಒತ್ತೆಯಿಟ್ಟು ನಾವು ಟ್ರ್ಯಾಕ್ಟರು ಕೊಂಡದ್ದು ಹಾರುವುದಕ್ಕೋ, ಉಳುವುದಕ್ಕೋ? ಈ ಪ್ರಶ್ನೆಯನ್ನು ರೈತ ಬಾಂಧವರು ಒಮ್ಮೆ ಕೇಳಿಕೊಳ್ಳಬೇಕು.

ವೇಗ ಬೇರೆ, ಬಲ ಬೇರೆ. ಎತ್ತನ್ನು ಓಡಿಸಿದ ಮಾತ್ರಕ್ಕೆ ನೇಗಿಲು ಆಳಕ್ಕೆ ಇಳಿಯುವುದಿಲ್ಲವೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಎಂಜಿನ್ನಿನ ಮಾತೂ ಅದೇ. ನಿಮಿಷಕ್ಕೆ 2000 ಸುತ್ತಿನ ಟ್ರ್ಯಾಕ್ಟರಿನಲ್ಲಿ ಎಳೆತದ ಬಲವು ಅತಿ ಹೆಚ್ಚಾಗಿರುವುದು 2000 ಸುತ್ತಿನಲ್ಲಲ್ಲ. ಸಾಮಾನ್ಯವಾಗಿ 1200ರಿಂದ 1400ರ ಆಸುಪಾಸಿನಲ್ಲಿ. ಕಾರಣ ಸರಳ. 2000 ಸುತ್ತಿನಲ್ಲಿ ಪ್ರತಿಯೊಂದು ಸಿಲಿಂಡರೂ ನಿಮಿಷಕ್ಕೆ ಸಾವಿರ ಸಲ ಗಾಳಿ ಎಳೆದುಕೊಳ್ಳಬೇಕು. ವೇಗ ಏರಿದಷ್ಟೂ ಗಾಳಿ ತುಂಬಲು ಸಿಗುವ ಅವಕಾಶ ಕಡಿಮೆಯಾಗುತ್ತದೆ, ತಿಕ್ಕಾಟ ಹೆಚ್ಚುತ್ತದೆ. ಗಾಳಿ ಸಾಲದೆ ಉಳಿದ ಡೀಸೆಲು ಕಪ್ಪು ಹೊಗೆಯಾಗಿ ಹೋಗುತ್ತದೆ. ಆ ಹೊಗೆ ನಮ್ಮ ದುಡ್ಡು.

ಈ ಮಿತಿಯನ್ನು ಕಾಯುವ ಕಾವಲುಗಾರನಿಗೆ ಗೌರ್ನರ್ ಎಂದು ಹೆಸರು. ಜೇಮ್ಸ್ ವಾಟ್ ಎಂಬಾತನು 1788ರಲ್ಲಿಯೇ ಇದನ್ನು ಉಗಿಯಂತ್ರಕ್ಕೆ ಅಳವಡಿಸಿದನು. ಯಂತ್ರ ವೇಗವಾಗಿ ತಿರುಗಿದಾಗ ಎರಡು ಗುಂಡುಗಳು ಹೊರಕ್ಕೆ ಹಾರಿ, ಒಳಕ್ಕೆ ಬರುವ ಉಗಿಯನ್ನು ತಡೆಯುತ್ತಿದ್ದವು. ನಮ್ಮ ಡೀಸೆಲ್ ಪಂಪುಗಳಲ್ಲಿಯೂ ತತ್ತ್ವ ಅದೇ. ಉಗಿಯ ಬದಲು ಇಲ್ಲಿ ಡೀಸೆಲು ಕಡಿಮೆಯಾಗುತ್ತದೆ. ಕಾವಲುಗಾರನ ಕೈ ಕಟ್ಟಿದರೆ ಏನಾದೀತು? ವೇಗ 2000ದಿಂದ 2400ಕ್ಕೆ ಏರಿದರೆ ಏರಿಕೆ ನೂರಕ್ಕೆ ಇಪ್ಪತ್ತು. ಆದರೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು ತನ್ನ ಸ್ವಂತ ಭಾರದಿಂದಲೇ ಕನೆಕ್ಟಿಂಗ್ ರಾಡು ಬೇರಿಂಗುಗಳನ್ನು ಜಗ್ಗುವ ಬಲ ನೂರಕ್ಕೆ ನಲವತ್ನಾಲ್ಕು ಏರುತ್ತದೆ. ಹತ್ತು ವರ್ಷ ಬಾಳಬೇಕಾದ ಎಂಜಿನ್ನು ಕಂತು ತೀರುವ ಮೊದಲೇ ಬಿಚ್ಚಿಸಿಕೊಂಡರೆ ಆಶ್ಚರ್ಯವೇನು?

ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ಬಾವಿಯ ಮೇಲೆ 1500 ಸುತ್ತಿನ ಐದು ಅಶ್ವಶಕ್ತಿಯ ಎಂಜಿನ್ ಇತ್ತು. ಒಂದು ಬೇಸಿಗೆಯಲ್ಲಿ ನೀರು ಸಾಲದೆಂದು ನಾನೇ ಗೌರ್ನರಿನ ಸ್ಪ್ರಿಂಗು ಬಿಗಿ ಮಾಡಿದೆ. ಮೂರು ದಿನ ನೀರು ಜೋರಾಗಿ ಬಂತು. ಆಮೇಲೆ ಎಂಜಿನ್ ಕಾದು ರಿಂಗು ಹೋಯಿತು. ಪಂಪಿನ ನಿಯಮ ಆಗ ನನಗೆ ತಿಳಿದಿರಲಿಲ್ಲ. ಪಂಪಿನ ವೇಗ ನೂರಕ್ಕೆ ಹತ್ತು ಏರಿದರೆ ಅದು ಕೇಳುವ ಶಕ್ತಿ ನೂರಕ್ಕೆ ಮೂವತ್ತಮೂರರಷ್ಟು ಏರುತ್ತದೆ. ಅದಕ್ಕಿಂತ ದೊಡ್ಡ ಪಾಠ ಬೇರೆ ಇತ್ತು: ಬಾವಿಯ ಸೆಲೆ ಊರುವುದು ತನ್ನ ಗತಿಯಲ್ಲಿ, ನನ್ನ ಎಂಜಿನ್ನಿನ ಗತಿಯಲ್ಲಲ್ಲ.

ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಯಂತ್ರಗಳನ್ನು ನೋಡಿ. ರೋಟವೇಟರಿನಂಥವಕ್ಕೆ ಸಾಮಾನ್ಯವಾಗಿ ಗೊತ್ತುಮಾಡಿದ ವೇಗ ನಿಮಿಷಕ್ಕೆ 540 ಸುತ್ತು. ಇದಕ್ಕೆ ಮೀರಿ ತಿರುಗಿಸಿದರೆ ಕೆಂಪು ನೆಲ ಧೂಳಾಗಿ ಹೋಗುತ್ತದೆ. ಮಳೆ ಬಿದ್ದೊಡನೆ ಮೇಲೆ ಹೆಪ್ಪುಗಟ್ಟುತ್ತದೆ. ಶೇಂಗಾ ಬಿಡಿಸುವ ಯಂತ್ರವನ್ನು ಅತಿವೇಗದಲ್ಲಿ ಓಡಿಸಿದರೆ ಬೀಜ ಒಡೆಯುತ್ತದೆ, ಸಿಪ್ಪೆ ಸುಲಿಯುತ್ತದೆ. ಅಂಥ ಬೀಜ ಕೂರಿಗೆಗೆ ಹಾಕಿದರೆ ಮೊಳೆಯುವುದು ಅರ್ಧಂಬರ್ಧ. ಮಳೆಯೇ ಅಪರೂಪವಾದ ನಮ್ಮ ಸೀಮೆಯಲ್ಲಿ ಬಿತ್ತನೆ ತಪ್ಪಿದರೆ ವರ್ಷ ತಪ್ಪಿದಂತೆ.

ಇನ್ನು ರಸ್ತೆ. ಬಳ್ಳಾರಿ ರಸ್ತೆಯಲ್ಲಿ ಮೂಟೆ ಹೇರಿದ ಟ್ರೇಲರು ಗಂಟೆಗೆ 25 ಕಿಲೋಮೀಟರಿನ ಬದಲು 35ರಲ್ಲಿ ಓಡಿದರೆ, ನಿಲ್ಲಿಸುವಾಗ ಬ್ರೇಕು ತಡೆಯಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಟ್ರೇಲರಿಗೆ ಬ್ರೇಕೇ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಆಸ್ಟ್ರೇಲಿಯದ ಕುರಿ ದನಗಳ ಒಕ್ಕಲಿಗರು ಕ್ವಾಡ್ ಬೈಕ್ ಎಂಬ ನಾಲ್ಕು ಗಾಲಿಯ ಸಣ್ಣ ಗಾಡಿಯನ್ನು ಬಳಸುತ್ತಾರೆ. ಅದು ಹಗುರವಾದದ್ದು, ಚುರುಕಾದದ್ದು. ಆದರೆ ಮಗುಚಿ ಬಿದ್ದು ಜೀವ ತೆಗೆದದ್ದು ಎಷ್ಟೋ ಸಲ. ಕೊನೆಗೆ ಅಲ್ಲಿನ ಸರಕಾರ 2021ರ ಅಕ್ಟೋಬರಿನಿಂದ, ಒಕ್ಕಲುತನಕ್ಕೆ ಬಳಸುವ ಹೊಸ ಕ್ವಾಡ್‌ಗಳಿಗೆ ಸವಾರನನ್ನು ಕಾಯುವ ಕಮಾನು ಕಡ್ಡಾಯ ಮಾಡಿತು. ಅಷ್ಟು ಮುಂದುವರಿದ ದೇಶಕ್ಕೇ ಇಂಥ ಕಟ್ಟಳೆ ಬೇಕಾಯಿತೆಂದರೆ ನಾವು ಇನ್ನೂ ಎಚ್ಚರವಾಗಿರಬೇಡವೇ?

“ಬಾಡಿಗೆ ಹೊಡೆಯುವವನಿಗೆ ಗಂಟೆಯೇ ಹಣ, ಮೆಲ್ಲಗೆ ಹೋದರೆ ಹೊಟ್ಟೆ ತುಂಬೀತೇ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ತಿರುಪಿನಲ್ಲಿಲ್ಲ, ಗೇರಿನಲ್ಲಿದೆ. ಕುಂಟೆ ಹೊಡೆಯುವಂಥ ಹಗುರ ಕೆಲಸಕ್ಕೆ ಒಂದು ಗೇರು ಮೇಲೆ ಹಾಕಿ, ರೇಸು ತಗ್ಗಿಸಿ ಓಡಿಸಿರಿ. ನಡಿಗೆ ಅಷ್ಟೇ ಇರುತ್ತದೆ, ಡೀಸೆಲು ಉಳಿಯುತ್ತದೆ. ಕಪ್ಪು ಹೊಗೆ ಬಂದರೆ ಎಂಜಿನ್ನು ಹೆಣಗುತ್ತಿದೆಯೆಂದು ತಿಳಿದು ಗೇರು ಇಳಿಸಿರಿ. ಗಾಳಿಯ ಫಿಲ್ಟರನ್ನು ತಪ್ಪದೆ ಶುಚಿ ಮಾಡಿರಿ. ಇವಕ್ಕೆ ಕಾಸು ಖರ್ಚಿಲ್ಲ.

ತಪ್ಪು ತರುಣರದು ಮಾತ್ರವೆಂದು ನಾನು ಹೇಳಲಾರೆ. ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವ ಕೇಂದ್ರ ಸರಕಾರದ ಸಂಸ್ಥೆ ಮಧ್ಯಪ್ರದೇಶದ ಬುದನಿಯಲ್ಲಿದೆ. ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷೆಯ ಇನ್ನೊಂದು ಸಂಸ್ಥೆ ನಮ್ಮ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೇ ಇದೆ. ಯಾವ ವೇಗದಲ್ಲಿ ಎಷ್ಟು ಬಲ, ಎಷ್ಟು ಡೀಸೆಲು ಎಂಬುದೆಲ್ಲ ಪರೀಕ್ಷೆಯ ವರದಿಯಲ್ಲಿರುತ್ತದೆ. ಅದು ಒಕ್ಕಲಿಗನ ಕಿವಿಗೆ ಮುಟ್ಟಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಈ ತಾಲ್ಲೂಕಿನಲ್ಲಿ ಕಚೇರಿಯ ಮಾತು ತೆಲುಗು, ಎಷ್ಟೋ ಮನೆಗಳ ಮಾತು ಕನ್ನಡ. ಮುಂಗಾರಿಗೆ ಮೊದಲು ರಾಯದುರ್ಗದಲ್ಲಿ, ಕಣೇಕಲ್ಲಿನಲ್ಲಿ ಒಂದೊಂದು ದಿನ, ಎಂಜಿನ್ ಎದುರಿಗಿಟ್ಟು, ಕನ್ನಡದಲ್ಲಿ ಇಷ್ಟನ್ನು ತೋರಿಸಿಕೊಟ್ಟರೆ ಸಾಕು. ರೈತ ಸಂಘಗಳು ಇದನ್ನು ಕೇಳಬೇಕು, ಅಧಿಕಾರಿಗಳು ನಡೆಸಬೇಕು.

ಅಲ್ಲಿಯವರೆಗೆ ಆ ಸೀಲಿನ ತಂತಿಗೆ ಇಕ್ಕಳ ಹಾಕುವ ಮುನ್ನ ಬ್ಯಾಂಕಿನ ಪುಸ್ತಕ ತೆರೆದು, ಇನ್ನೆಷ್ಟು ಕಂತು ಬಾಕಿಯಿದೆಯೆಂದು ಎಣಿಸಿ ನೋಡಿರಿ.