ಐದನೆಯ ವರ್ಷದ ಪ್ರಶ್ನೆ

ಯೋಧನನ್ನು ಕೊಂಡಾಡುವುದರಲ್ಲಿ ಪಟ್ಟಣದ ಮಧ್ಯಮ ವರ್ಗದವರು ಯಾರಿಗೂ ಹಿಂದೆ ಬೀಳುವವರಲ್ಲ. ಗಣರಾಜ್ಯೋತ್ಸವದ ಮೆರವಣಿಗೆಯನ್ನು ಕಂಡಾಗ ಅವರ ಎದೆ ಉಬ್ಬುತ್ತದೆ. ಗಡಿಯಲ್ಲಿ ಮಡಿದವನ ಸುದ್ದಿಯನ್ನೋದಿ ಮನಸ್ಸು ಮರುಗುತ್ತದೆ. ಆದರೆ ಮನೆಯ ಮಗನೇ ಒಂದು ಸಂಜೆ, “ಅಪ್ಪಾ, ನಾನು ಸೈನ್ಯಕ್ಕೆ ಸೇರಲೇ?” ಎಂದು ಕೇಳಿದನೆನ್ನಿ. ತಂದೆ ಉತ್ತರ ಹುಡುಕುವ ಮೊದಲೇ ತಾಯಿ ಅಡಿಗೆಮನೆಯಿಂದ, “ಬೇಡ ಕಣಪ್ಪ” ಎಂದುಬಿಡುತ್ತಾಳೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸುಳ್ಳಲ್ಲ.

ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಬೇರೆಯದೇ ತೂಕವುಂಟು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಯಲ್ಲಿ ಮಳೆಯನ್ನೇ ನಂಬಿದ ಹೊಲಗಳು ಬಹಳ. ಗುಂಡ್ಲುಪೇಟೆಯ ಸುತ್ತ ಚೆಂಡುಹೂವೂ ಸೂರ್ಯಕಾಂತಿಯೂ ಅರಳಿದಾಗ ಕೇರಳದ ಪ್ರವಾಸಿಗಳು ದಾರಿಯಲ್ಲಿ ನಿಂತು ನೋಡುತ್ತಾರೆ. ನೋಟದ ಚೆಲುವು ಒಂದು, ಬೆಳೆದವನ ಮನೆಯ ಲೆಕ್ಕ ಇನ್ನೊಂದು. ಮಳೆ ಕೈಕೊಟ್ಟರೆ, ಬೆಲೆ ಇಳಿದರೆ, ಆ ಮನೆಯ ತರುಣ ನಂಜನಗೂಡಿನ ಕಾರ್ಖಾನೆಯನ್ನೋ ಮೈಸೂರಿನ ಅಂಗಡಿಯನ್ನೋ ಅರಸಿ ಹೊರಡಬೇಕು. ಅವನ ಪಾಲಿಗೆ ಸೈನ್ಯವೆಂದರೆ ಶೌರ್ಯದ ಮಾತಿನೊಡನೆ ತಿಂಗಳ ಸಂಬಳದ ಮಾತೂ ಹೌದು. ಅದಕ್ಕಾಗಿ ಅವನ ದೇಶಪ್ರೇಮವನ್ನು ಶಂಕಿಸುವ ಹಕ್ಕು ಯಾರಿಗೂ ಇಲ್ಲ.

ಮೈಸೂರು ಸೀಮೆಗೆ ಯುದ್ಧರಂಗ ಅಪರಿಚಿತವೇನೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ರಾವುತರಲ್ಲಿ ಜೋಧಪುರದವರೊಡನೆ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ನೆರೆಯ ಕೊಡಗು ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ದೇಶಕ್ಕೆ ಕೊಟ್ಟಿತು. ಕೊಡಗಿನ ಹುಡುಗನಿಗೆ ಒಂದು ಅನುಕೂಲವುಂಟು: ಸೈನ್ಯದ ಸುಖಕಷ್ಟಗಳನ್ನು ಬಣ್ಣ ಕಟ್ಟದೆ ಹೇಳಬಲ್ಲ ನಿವೃತ್ತ ಯೋಧರು ಅವನ ಬಂಧುಬಳಗದಲ್ಲಿಯೇ ಇರುತ್ತಾರೆ. ಅಂಥ ಹಿರಿಯರಿಲ್ಲದ ಮನೆಯ ಹುಡುಗನಿಗೆ ಸಿನಿಮಾ ಒಂದು ಕಥೆ ಹೇಳುತ್ತದೆ, ಭಯಪಟ್ಟ ನೆಂಟರು ಇನ್ನೊಂದು ಕಥೆ ಹೇಳುತ್ತಾರೆ.

ಹೀಗಿರುವಾಗ ಲೆಕ್ಕವನ್ನು ತಾನೇ ಹಾಕಿ ನೋಡುವುದು ಮೇಲು. ಹಿಂದೆ ಸಿಪಾಯಿಯಾಗಿ ಸೇರಿದವನು 15 ವರ್ಷ ದುಡಿದರೆ ಪಿಂಚಣಿಯೊಡನೆ ಮನೆಗೆ ಮರಳುತ್ತಿದ್ದ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಅಗ್ನಿಪಥ ಯೋಜನೆ ಈ ಕ್ರಮವನ್ನು ಬದಲಿಸಿತು. ಅಂದು ಪ್ರಕಟವಾದ ನಿಯಮದಂತೆ ಹದಿನೇಳೂವರೆ ವರ್ಷ ತುಂಬಿದವನು ಅಗ್ನಿವೀರನಾಗಿ ಸೇರಬಹುದು. ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡಾ 30 ಭಾಗ ನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಬಡ್ಡಿ ಕೂಡಿ ಕೊನೆಗೆ ಸುಮಾರು 11.71 ಲಕ್ಷ ರೂಪಾಯಿ ಕೈಸೇರುತ್ತದೆ. 48 ಲಕ್ಷದ ಜೀವವಿಮೆಯೂ ಇದೆ. ಆದರೆ ಪಿಂಚಣಿಯಿಲ್ಲ, ಗ್ರಾಚುಯಿಟಿಯಿಲ್ಲ. ಸೈನ್ಯದಲ್ಲಿ ಕಾಯಂ ಆಗಿ ಉಳಿಯುವವರು ನೂರಕ್ಕೆ 25ರವರೆಗೆ ಮಾತ್ರ.

ಲಾಭದ ಪಟ್ಟಿ ಸಣ್ಣದಲ್ಲ. ಸಾಲವಿರುವ ರೈತನ ಮನೆಗೆ ನಾಲ್ಕು ವರ್ಷದ ತಪ್ಪದ ಸಂಬಳ ದೊಡ್ಡ ಆಸರೆ. ಹೊತ್ತಿಗೆ ಏಳುವ, ಹೇಳಿದ ಕೆಲಸವನ್ನು ಮುಗಿಸುವ ಅಭ್ಯಾಸ ಮೈಗೂಡುತ್ತದೆ. ತನ್ನ ಕೇರಿಯ ಗಡಿ ದಾಟದವನು ಪಂಜಾಬಿನವನ, ಅಸ್ಸಾಮಿನವನ ಪಕ್ಕದಲ್ಲಿ ಕುಳಿತು ಉಣ್ಣುತ್ತಾನೆ. ಜಾತಿಯ ಕಟ್ಟು ಇನ್ನೂ ಸಡಿಲದ ಹಳ್ಳಿಯಿಂದ ಹೋದವನಿಗೆ ಆ ಪಂಕ್ತಿಯೇ ಒಂದು ಪಾಠಶಾಲೆ. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಸೇನಾ ಪೋಲೀಸಿನ ಮೊದಲ ಮಹಿಳಾ ತಂಡದ 83 ಮಂದಿ 2021ರಲ್ಲಿ ಬೆಂಗಳೂರಿನಲ್ಲಿಯೇ ತರಬೇತಿ ಮುಗಿಸಿದರು.

ನಷ್ಟದ ಪಟ್ಟಿಯನ್ನೂ ಅಷ್ಟೇ ನಿರ್ವಂಚನೆಯಿಂದ ಓದಬೇಕು. ಪ್ರಾಣಾಪಾಯವನ್ನು ಯಾವ ವಿಮೆಯೂ ತುಂಬಿಕೊಡಲಾರದು. ಅದು ಹಾಗಿರಲಿ; ಬದುಕಿ ಬರುವವನ ಪ್ರಶ್ನೆಯೂ ಸುಲಭದ್ದಲ್ಲ. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿಗೆ ಅವನು ಊರಿಗೆ ಮರಳಿದಾಗ ಒಡನಾಡಿಗಳು ಪದವಿ ಮುಗಿಸಿರುತ್ತಾರೆ. ಕೈಗೆ ಬಂದ ಹಣ ತಂಗಿಯ ಮದುವೆಗೋ ಮನೆಯ ತಾರಸಿಗೋ ಕರಗಿಹೋದರೆ, ಐದನೆಯ ವರ್ಷದ ಮೊದಲ ದಿನ ಅವನು ಮತ್ತೆ ಅದೇ ನಂಜನಗೂಡಿನ ಬಸ್ಸಿಗೆ ಕಾಯಬೇಕಾಗುತ್ತದೆ.

ಆದುದರಿಂದ ಹೊರಡುವ ಮುನ್ನವೇ ಮರಳುವ ದಾರಿಯನ್ನು ಯೋಚಿಸಿದವನಿಗೆ ಸೈನ್ಯ ಲಾಭ. ಯೋಚಿಸದವನಿಗೆ ಅದು ಕಷ್ಟವನ್ನು ನಾಲ್ಕು ವರ್ಷ ಮುಂದೂಡುವ ಉಪಾಯ ಮಾತ್ರ. ಯಾವ ವಿಭಾಗ, ಯಾವ ಕಸಬು ಕಲಿಯಬಹುದು, ನಿಂತ ಓದನ್ನು ಎಲ್ಲಿಂದ ಮುಂದುವರಿಸುವುದು, ನಿಧಿಯ ಹಣದಲ್ಲಿ ಮುಟ್ಟಬಾರದ ಪಾಲು ಎಷ್ಟು ಎಂಬುದನ್ನು ತಂದೆಮಕ್ಕಳು ಕುಳಿತು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇಷ್ಟು ಹೇಳಿ ಪಟ್ಟಣದವರು ಕೈತೊಳೆದುಕೊಳ್ಳುವಂತಿಲ್ಲ. ದಕ್ಷಿಣ ಕೊರಿಯದಲ್ಲಿ ಸೈನ್ಯಸೇವೆ ಗಂಡುಮಕ್ಕಳಿಗೆ ಕಡ್ಡಾಯ. ಉಳ್ಳವನ ಮಗನೂ ಇಲ್ಲದವನ ಮಗನೂ ಹೋಗಬೇಕು. ಭಾರತದಲ್ಲಿ ಅದು ಅವರವರ ಇಚ್ಛೆ. ಇಚ್ಛೆಯೆಂಬ ಮಾತು ಸೊಗಸು. ಆದರೆ ಸಂಬಳದ ಅಗತ್ಯವಿದ್ದವನಿಗೇ ಆ ಇಚ್ಛೆ ಬೇಗ ಹುಟ್ಟುತ್ತದೆ. ಆಗ ಹೆಚ್ಚಿನ ಭಾರ ಹಳ್ಳಿಯ ಮನೆಗಳ ಮೇಲೆ ಬೀಳುತ್ತದೆ, ನಿಶ್ಚಿಂತೆ ಎಲ್ಲರಿಗೂ ಹಂಚಿಹೋಗುತ್ತದೆ.

ಮರಳಿ ಬಂದವನು ಅರ್ಜಿ ಹಿಡಿದು ನಿಲ್ಲುವುದು ಯಾರ ಮುಂದೆ? ಕಾಲೇಜಿನ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕಾರ್ಖಾನೆಯ ಮೇಜಿನ ಹಿಂದೆ ಕುಳಿತವರು ಈ ಮಧ್ಯಮ ವರ್ಗದವರೇ. ಮಗನನ್ನು ಸೈನ್ಯಕ್ಕೆ ಕಳುಹಿಸಲು ಒಲ್ಲದ ತಂದೆಯನ್ನು ಯಾರೂ ದೂರುವಂತಿಲ್ಲ. ಅದು ಅವನ ಕರುಳಿನ ಮಾತು. ಆದರೆ ಹೋಗಿಬಂದ ಇನ್ನೊಬ್ಬರ ಮಗನಿಗೆ ಕುರ್ಚಿ ತೋರಿಸಿ, ಅವನ ನಾಲ್ಕು ವರ್ಷಗಳನ್ನು ಅರ್ಹತೆಯೆಂದು ಎಣಿಸುವುದು ಅವನಿಂದ ಆಗದ ಕೆಲಸವಲ್ಲ. ಗಣರಾಜ್ಯೋತ್ಸವದ ಚಪ್ಪಾಳೆಗಿಂತ ಆ ತರುಣನಿಗೆ ಬೇಕಾದದ್ದು ಅದು.