ನಡುಗುವ ನೇಪಾಳ: ಅಂಕಿಗಳು ಹೇಳುವುದೇನು, ಗೋಡೆಗಳು ಹೇಳುವುದೇನು

ಪಶುಪತಿನಾಥನ ದರ್ಶನಕ್ಕೆಂದು ಮುಂಗಡ ಹಣ ಕಟ್ಟಿದ್ದ ಭಕ್ತರ ತಂಡವೊಂದು ಈಚೆಗೆ ಶ್ರೀಮಠಕ್ಕೆ ಬಂದಿತ್ತು. ಅವರಲ್ಲಿ ಹಿರಿಯರೊಬ್ಬರ ಮೊಬೈಲಿನಲ್ಲಿ ಒಂದು ಸಂದೇಶವಿತ್ತು. ನೇಪಾಳದಲ್ಲಿ ಮೇಲಿಂದ ಮೇಲೆ ಭೂಮಿ ನಡುಗುತ್ತಿದೆ, ಮುಂದಿನ ಅಮಾವಾಸ್ಯೆಯೊಳಗೆ ಮಹಾಕಂಪ ನಿಶ್ಚಿತ, ಯಾತ್ರಿಕರು ಅತ್ತ ಹೋಗಬಾರದು ಎಂಬುದು ಅದರ ಸಾರ. ಹೋಗಬೇಕೋ ಬಿಡಬೇಕೋ ಎಂದು ಅವರು ಪೂಜ್ಯರನ್ನು ಕೇಳಿದರು. ಪೂಜ್ಯರು ಆ ಪ್ರಶ್ನೆಯನ್ನು ನನ್ನ ಕಡೆಗೆ ತಿರುಗಿಸಿ, ವಿಷಯವನ್ನು ಓದಿ ತಿಳಿದು ಎಲ್ಲ ಭಕ್ತರಿಗೂ ಅರ್ಥವಾಗುವಂತೆ ಬರೆಯಬೇಕೆಂದು ಅಪ್ಪಣೆ ಕೊಡಿಸಿದರು. ಕನ್ನಡ ಓದಿದವನಿಗೆ ಭೂಗರ್ಭಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಅಳತೆ ಮಾಡುವವರು ಪ್ರಕಟಿಸಿದ್ದನ್ನು ಓದಿ, ಅಳತೆ ಮಾಡದವರು ಹರಡಿದ್ದರಿಂದ ಬೇರ್ಪಡಿಸುವಷ್ಟು ಕೆಲಸವನ್ನು ಯಾರಾದರೂ ಮಾಡಬಹುದು.

ನೇಪಾಳ ನಮಗೆ ಪರದೇಶವೆಂಬ ಭಾವನೆ ಬರುವುದಿಲ್ಲ. ಪಶುಪತಿನಾಥನ ಮುಖ್ಯ ಅರ್ಚಕರು ಪರಂಪರೆಯಿಂದ ಕರ್ನಾಟಕ ಮೂಲದ ಭಟ್ಟರು. ಭಕ್ತಪುರದಲ್ಲಿ ಕಾಶಿಯ ಜಂಗಮವಾಡಿ ಮಠದ ಸಂಬಂಧವುಳ್ಳ ಜಂಗಮ ಮಠವಿದೆ. ಕೈಲಾಸ ಮಾನಸಸರೋವರಕ್ಕೆ ಹೋಗುವ ನಮ್ಮವರಲ್ಲಿ ಹಲವರು ಕಠ್ಮಂಡುವಿನ ಮೂಲಕವೇ ಹಾದುಹೋಗುತ್ತಾರೆ. ಆದುದರಿಂದ ಅಲ್ಲಿಯ ನೆಲದ ಸುದ್ದಿ ನಮ್ಮ ಮನೆಗಳ ಸುದ್ದಿಯೂ ಹೌದು.

ಮೊದಲು ನಡೆದದ್ದನ್ನು ನೋಡೋಣ. 2015ರ ಏಪ್ರಿಲ್ 25ರಂದು ಮಧ್ಯಾಹ್ನಕ್ಕೆ ಮುಂಚೆ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8 ಪ್ರಮಾಣದ ಕಂಪನ ಆರಂಭವಾಗಿ ಪೂರ್ವಾಭಿಮುಖವಾಗಿ ಸಾಗಿತು. ಮೇ 12ರಂದು ದೋಲಖಾ ಭಾಗದಲ್ಲಿ 7.3ರ ಇನ್ನೊಂದು. ಎರಡರಿಂದ ಸುಮಾರು 9,000 ಜನ ಸತ್ತರು. ಮುಂದಿನ ವರ್ಷಗಳಲ್ಲಿ 4ಕ್ಕಿಂತ ಹೆಚ್ಚಿನ ಪ್ರಮಾಣದ ಮರುಕಂಪನಗಳೇ ನಾನೂರನ್ನು ದಾಟಿದವು. ಆ ಬಳಿಕ ನಡುಕದ ಸುದ್ದಿ ಪಶ್ಚಿಮದಿಂದ ಬರತೊಡಗಿತು. 2022ರ ನವೆಂಬರ್‌ನಲ್ಲಿ ಡೋಟಿ, 2023ರ ಅಕ್ಟೋಬರ್‌ನಲ್ಲಿ ಬಝಾಂಗ್, ಅದೇ ವರ್ಷ ನವೆಂಬರ್ 3ರ ನಡುರಾತ್ರಿಗೆ ಮುನ್ನ ಜಾಜರಕೋಟ್. 2025ರ ಜನವರಿ 7ರ ಬೆಳಿಗ್ಗೆ ಗಡಿಯಾಚೆಯ ಟಿಬೆಟ್‌ನ ಡಿಂಗ್ರಿಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಕಠ್ಮಂಡುವಿನ ಜನರೂ ಬೀದಿಗೆ ಓಡಿಬಂದರು.

ಪಟ್ಟಿಯನ್ನು ಹೀಗೆ ಒಟ್ಟಿಗೆ ಓದಿದವರಿಗೆ ಭೂಮಿಯೇ ಏನೋ ಸಿದ್ಧತೆ ನಡೆಸಿದೆ ಎನಿಸುವುದು ಸಹಜ. ಆದರೆ ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳಲ್ಲ. ಡಿಂಗ್ರಿಯಲ್ಲಿ ನೆಲ ಎಳೆತಕ್ಕೆ ಸಿಕ್ಕಿ ಬಿರಿಯಿತು. ಗೋರ್ಖಾದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಇನ್ನೊಂದರ ಮೇಲೆ ಜಾರಿತು. ಪಟ್ಟಿಯಲ್ಲಿ ಅಕ್ಕಪಕ್ಕ ಬಂದ ಮಾತ್ರಕ್ಕೆ ಒಂದು ಇನ್ನೊಂದರ ಮುನ್ಸೂಚನೆಯಾಗುವುದಿಲ್ಲ.

ಈ ಅಂಕಿಗಳು ಎಲ್ಲಿಂದ ಬರುತ್ತವೆ? ನೇಪಾಳದ ಗಣಿ ಮತ್ತು ಭೂಗರ್ಭ ಇಲಾಖೆ 1978ರಲ್ಲಿ ಫ್ರಾನ್ಸ್‌ನ ನೆರವಿನಿಂದ ಭೂಕಂಪ ದಾಖಲೆಯನ್ನು ಆರಂಭಿಸಿತು. 1990ರ ದಶಕದ ಹೊತ್ತಿಗೆ ದೇಶದ ಉದ್ದಕ್ಕೂ 21 ಕೇಂದ್ರಗಳ ಜಾಲ ಸಿದ್ಧವಾಯಿತು. ಈಗ ಕಠ್ಮಂಡುವಿನ ಲೈನ್‌ಚೌರ್‌ನಲ್ಲಿರುವ ರಾಷ್ಟ್ರೀಯ ಭೂಕಂಪ ಮಾಪನ ಮತ್ತು ಸಂಶೋಧನ ಕೇಂದ್ರವು 4 ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣದ ಕಂಪನಗಳನ್ನು ಪ್ರಕಟಿಸುತ್ತದೆ. ಹಿಂದೆ ಹಳ್ಳಿಯವರ ನೆನಪಿನಲ್ಲಿಯೇ ಉಳಿದುಹೋಗುತ್ತಿದ್ದ ನಡುಕವೂ ಈಗ ನಿಮಿಷಗಳಲ್ಲಿ ಸುದ್ದಿಯಾಗುತ್ತದೆ. ಸುದ್ದಿ ಹೆಚ್ಚಿದೆ ಎಂದರೆ ಭೂಕಂಪ ಹೆಚ್ಚಿದೆ ಎಂದೇ ಅರ್ಥವಲ್ಲ.

ಇನ್ನೊಂದು ಗೊಂದಲವೂ ಇದೆ. ಜಾಜರಕೋಟ್ ಕಂಪನವನ್ನು ನೇಪಾಳದ ಕೇಂದ್ರ 6.4 ಎಂದಿತು, ಅಮೆರಿಕದ ಭೂವಿಜ್ಞಾನ ಸಂಸ್ಥೆ 5.7 ಎಂದಿತು. ಡೋಟಿಯದು ಒಬ್ಬರ ಲೆಕ್ಕದಲ್ಲಿ 6.6, ಇನ್ನೊಬ್ಬರ ಲೆಕ್ಕದಲ್ಲಿ 5.6. ಯಾರೋ ಸತ್ಯವನ್ನು ಮುಚ್ಚಿಡುತ್ತಿದ್ದಾರೆ ಎಂದು ನಮ್ಮ ಭಕ್ತರೊಬ್ಬರು ವಾದಿಸಿದರು. ಹಾಗೇನೂ ಇಲ್ಲ. ನೇಪಾಳದವರದು ಹತ್ತಿರದ ಯಂತ್ರಗಳಲ್ಲಿ ದಾಖಲಾದ ಅಲೆಯ ಎತ್ತರದಿಂದ ಮಾಡಿದ ಸ್ಥಳೀಯ ಅಳತೆ. ಅಮೆರಿಕದವರದು ಎಷ್ಟು ದೊಡ್ಡ ಬಂಡೆ ಎಷ್ಟು ದೂರ ಜಾರಿತು ಎಂಬುದರ ಲೆಕ್ಕ. ಒಂದೇ ರಾಶಿಯನ್ನು ಸೇರಿನಲ್ಲಿ ಅಳೆದಾಗ ಬರುವ ಅಂಕಿ ಬೇರೆ, ತಕ್ಕಡಿಯಲ್ಲಿ ತೂಗಿದಾಗ ಬರುವ ಅಂಕಿ ಬೇರೆ, ರಾಶಿ ಅದೇ. ಪ್ರಮಾಣವೆಂಬುದು ಇಡೀ ಕಂಪನಕ್ಕೆ ಒಂದೇ. ಒಂದೊಂದು ಊರಿಗೆ ತಟ್ಟಿದ ನಡುಕದ ತೀವ್ರತೆ ಮಾತ್ರ ಊರಿಂದೂರಿಗೆ ಬೇರೆಯಾಗುತ್ತದೆ. ಜಾತ್ರೆಯ ನಗಾರಿಗೆ ಬಿದ್ದ ಪೆಟ್ಟು ಒಂದೇ, ಮಠದ ಅಂಗಳದಲ್ಲಿ ಕೇಳುವ ಸದ್ದು ಬೇರೆ, ಊರಾಚೆಯ ಹೊಲದಲ್ಲಿ ಕೇಳುವ ಸದ್ದು ಬೇರೆ. ನಮ್ಮ ಪತ್ರಿಕೆಗಳು ಎರಡಕ್ಕೂ ತೀವ್ರತೆ ಎಂಬ ಒಂದೇ ಪದವನ್ನು ಬಳಸಿ ಈ ಗೊಂದಲವನ್ನು ಬೆಳೆಸಿವೆ ಎಂದು ಹೇಳದೆ ವಿಧಿಯಿಲ್ಲ.

ಸಣ್ಣ ಕಂಪನಗಳಾದರೆ ಒತ್ತಡ ಇಳಿದು ದೊಡ್ಡದು ತಪ್ಪುತ್ತದೆ ಎಂಬ ಸಮಾಧಾನವೂ ಪ್ರಚಲಿತವಾಗಿದೆ. ಪ್ರಮಾಣದಲ್ಲಿ ಒಂದು ಅಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಂತೆ 8 ಪ್ರಮಾಣದ ಒಂದು ಕಂಪನದ ಶಕ್ತಿ ಇಳಿಯಬೇಕಾದರೆ 4 ಪ್ರಮಾಣದ ಹತ್ತು ಲಕ್ಷ ಕಂಪನಗಳಾಗಬೇಕು. ಈ ಸಮಾಧಾನಕ್ಕೂ ಆ ಅಮಾವಾಸ್ಯೆಯ ಭಯಕ್ಕೂ ಬುಡ ಒಂದೇ: ಅಳತೆಯ ಅಜ್ಞಾನ.

ಹಾಗಾದರೆ ಭಯಪಡಲು ಏನೂ ಇಲ್ಲವೆ? ಇದೆ, ಮತ್ತು ಅದನ್ನು ವಿಜ್ಞಾನಿಗಳು ಮುಚ್ಚಿಟ್ಟಿಲ್ಲ. ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹಿಮಾಲಯದ ಅಡಿಗೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ತೂರಿಕೊಳ್ಳುತ್ತಿದೆ. ಆದರೆ ಮೇಲಿನ ಬಂಡೆ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಆ ಚಲನೆ ಒತ್ತಡವಾಗಿ ಕೂಡಿಡಲ್ಪಡುತ್ತದೆ. ಗೋರ್ಖಾದಿಂದ ಪಶ್ಚಿಮಕ್ಕೆ, ನೇಪಾಳದ ಗಡಿ ದಾಟಿ ಉತ್ತರಾಖಂಡದ ಕಡೆಗೆ ಹಬ್ಬಿರುವ ಪಟ್ಟಿಯಲ್ಲಿ 1505ರ ನಂತರ ಮಹಾಕಂಪವಾಗಿಲ್ಲ. ವರ್ಷಕ್ಕೆ 2 ಸೆಂಟಿಮೀಟರಿನಂತೆ ಐನೂರು ವರ್ಷಕ್ಕೆ 10 ಮೀಟರ್. ಇದು ತೀರದ ಸಾಲ. ಯಾವ ವರ್ಷ, ಎಷ್ಟು ಕಂತಿನಲ್ಲಿ ತೀರುವುದೆಂದು ಯಾವ ಯಂತ್ರವೂ ಹೇಳಲಾರದು, ಪಂಚಾಂಗವಂತೂ ಹೇಳಲಾರದು. ನಾಳೆಯಾಗಬಹುದು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗಬಹುದು. ಎಲ್ಲಿ ಎಂಬುದು ಮಾತ್ರ ಬಹುಮಟ್ಟಿಗೆ ಗೊತ್ತಿದೆ.

ಎಲ್ಲಿ ಎಂದು ಗೊತ್ತಿದ್ದೂ ಏನಾಯಿತು ಎಂಬುದಕ್ಕೆ ಜಾಜರಕೋಟ್ ಸಾಕ್ಷಿ. ಅದು ನಿರೀಕ್ಷಿತ ಮಹಾಕಂಪವಲ್ಲ. ಅಮೆರಿಕದ ಲೆಕ್ಕವನ್ನು ಹಿಡಿದರೆ 6ನ್ನೂ ಮುಟ್ಟದ ಮಧ್ಯಮ ಕಂಪನ. ಜಪಾನಿನ ಪಟ್ಟಣದಲ್ಲಿ ಅಷ್ಟರದಾದರೆ ಜನ ಸ್ವಲ್ಪ ಹೊತ್ತು ಎದ್ದು ಕೂತು ಮತ್ತೆ ಮಲಗುತ್ತಿದ್ದರೇನೋ. ಜಾಜರಕೋಟ್ ಮತ್ತು ಪಶ್ಚಿಮ ರುಕುಮ್ ಜಿಲ್ಲೆಗಳಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಅರ್ಧದಷ್ಟು ಮಂದಿ ಮಕ್ಕಳು. ಸಾವಿಗೆ ಕಾರಣ ಮಲಗಿದ್ದ ಹೊತ್ತಿನಲ್ಲಿ ಬಿದ್ದ ಗೋಡೆ. ಕಲ್ಲಿನ ಮೇಲೆ ಕಲ್ಲಿಟ್ಟು ನಡುವೆ ಬರಿಯ ಮಣ್ಣು ಮೆತ್ತಿದ ಗೋಡೆ, ಮೂಲೆಗಳಲ್ಲಿ ಹಿಡಿತವಿಲ್ಲ, ಮೇಲೆ ಭಾರ.

2015ರ ದುರಂತದ ಬಳಿಕ ನೇಪಾಳ ಸರ್ಕಾರ ಮನೆಗೆ 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಟ್ಟಿತು. ಪ್ರತಿ ಹಂತದಲ್ಲೂ ಎಂಜಿನಿಯರು ನೋಡಿ ಒಪ್ಪಿದ ಮೇಲೆಯೇ ಮುಂದಿನ ಕಂತು. ಗೋಡೆಯ ಎರಡೂ ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳು, ತಳಪಾಯದ ಮೇಲೆ, ಕಿಟಕಿಯ ಮೇಲೆ, ಚಾವಣಿಯ ಕೆಳಗೆ ಮನೆಯನ್ನು ಸುತ್ತುವರಿಯುವ ಮರದ ಅಥವಾ ಕಾಂಕ್ರೀಟಿನ ಪಟ್ಟಿ. ಇಷ್ಟನ್ನು ಸೇರಿಸಿದರೆ ಕಲ್ಲುಮಣ್ಣಿನ ಮನೆಯೂ ಮಲಗಿದವರನ್ನು ಬದುಕಿಸುತ್ತದೆ. ಈ ವ್ಯವಸ್ಥೆ ಮೆಚ್ಚತಕ್ಕದ್ದು. ಆದರೆ ಅದು ನಡೆದದ್ದು ಮುಖ್ಯವಾಗಿ 2015ರಲ್ಲಿ ಬಿದ್ದ ಜಿಲ್ಲೆಗಳಲ್ಲಿ. ಜಾಜರಕೋಟ್ ಆಗ ಬಿದ್ದಿರಲಿಲ್ಲ. ವಿಜ್ಞಾನಿಗಳು ಪಶ್ಚಿಮದತ್ತ ಬೆರಳು ತೋರಿಸುತ್ತಿದ್ದಾಗ ಹಣವು ಬಿದ್ದುಹೋದ ಮನೆಗಳ ಕಡೆಗೆ ಹರಿಯಿತು. ಬಡ ರಾಷ್ಟ್ರವನ್ನು ಇದಕ್ಕಾಗಿ ನಿಂದಿಸುವುದು ನ್ಯಾಯವಲ್ಲ. ಬೀಳದ ಮನೆಗೆ ಹಣ ಕೇಳಿದರೆ ನಮ್ಮಲ್ಲಿಯೂ ಯಾರು ಕೊಡುತ್ತಾರೆ?

ನೇಪಾಳದಲ್ಲಿಯೇ ಇದಕ್ಕೆ ಬೇರೆಯ ನಿದರ್ಶನವೂ ಇದೆ. 1993ರಲ್ಲಿ ಸ್ಥಾಪನೆಯಾದ ಭೂಕಂಪ ತಂತ್ರಜ್ಞಾನ ಸಂಸ್ಥೆಯೊಂದು ಸ್ಥಳೀಯ ಗಾರೆಯವರಿಗೆ ತರಬೇತಿ ಕೊಟ್ಟು ಹಳೆಯ ಶಾಲೆಗಳನ್ನು ಬಲಪಡಿಸುವ ಕೆಲಸವನ್ನು ಕೈಗೊಂಡಿತು. 2015ರಲ್ಲಿ ಸಾವಿರಾರು ಶಾಲೆಗಳು ಕುಸಿದಾಗ ಕಠ್ಮಂಡು ಕಣಿವೆಯಲ್ಲಿ ಹೀಗೆ ಬಲಪಡಿಸಿದ ಶಾಲೆಗಳು ನಿಂತವು, ನಿರಾಶ್ರಿತರಿಗೆ ಆಸರೆಯೂ ಆದವು. ಅಂದು ಶನಿವಾರ, ನೇಪಾಳದ ವಾರದ ರಜೆ. ಮಿಕ್ಕ ಶಾಲೆಗಳ ಮಕ್ಕಳು ಉಳಿದದ್ದು ಆ ರಜೆಯಿಂದ. ರಜೆಯನ್ನು ನಂಬಿ ಶಾಲೆ ಕಟ್ಟಲಾಗದು.

ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ; ಮಠದ ಪುಟದಲ್ಲಿ ಅದನ್ನು ತಪ್ಪಿಸಿ ಹೋಗುವಂತಿಲ್ಲ. 1934ರ ಜನವರಿ 15ರಂದು ನೇಪಾಳ ಮತ್ತು ಬಿಹಾರವನ್ನು ಸುಮಾರು 8 ಪ್ರಮಾಣದ ಕಂಪನ ನೆಲಸಮ ಮಾಡಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ನೇಪಾಳ ಈಗಲೂ ಆ ದಿನವನ್ನು ಭೂಕಂಪ ಸುರಕ್ಷಾ ದಿನವಾಗಿ ಆಚರಿಸುತ್ತದೆ. ಆಗ ಅಸ್ಪೃಶ್ಯತೆಯ ವಿರುದ್ಧ ಪ್ರವಾಸದಲ್ಲಿದ್ದ ಮಹಾತ್ಮ ಗಾಂಧಿಯವರು ಇದು ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ಶಿಕ್ಷೆಯೆಂದರು. ಗಾಂಧೀಜಿಯವರಷ್ಟೇ ಅಸ್ಪೃಶ್ಯತೆಯನ್ನು ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಬಹಿರಂಗವಾಗಿ ವಿರೋಧಿಸಿದರು. ಭೌತಿಕ ಘಟನೆಗೆ ಭೌತಿಕ ಕಾರಣವನ್ನೇ ಹುಡುಕಬೇಕು, ಇಂಥ ಮಾತು ಜನರ ಅವಿಚಾರಕ್ಕೆ ಬಲ ಕೊಡುತ್ತದೆ ಎಂಬುದು ಅವರ ವಾದ. ಗಾಂಧೀಜಿ ಆ ವಿರೋಧವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರಿಸಿದರು; ನಿಲುವನ್ನು ಬದಲಿಸಲಿಲ್ಲ. ಅವರ ಸೌಜನ್ಯಕ್ಕೆ ತಲೆಬಾಗುತ್ತೇನೆ, ಆದರೆ ಈ ಒಂದು ವಿಷಯದಲ್ಲಿ ಠಾಕೂರರ ಪಕ್ಷದಲ್ಲಿ ನಿಲ್ಲುತ್ತೇನೆ. ಅಸ್ಪೃಶ್ಯತೆ ಪಾಪವೆನ್ನಲು ಭೂಕಂಪದ ಸಾಕ್ಷಿ ಬೇಕಿಲ್ಲ. ಭೂಕಂಪವನ್ನು ಶಿಕ್ಷೆಯೆಂದರೆ ಜಾಜರಕೋಟ್‌ನಲ್ಲಿ ಸತ್ತ ಮಗುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದಂತಾಗುತ್ತದೆ. ಶಕುನ, ತಿಥಿ, ಗ್ರಹಗತಿಗಳ ಭಯದಿಂದ ಜನರನ್ನು ಬಿಡಿಸಲು ಹೆಣಗಿದ ಬಸವಾದಿ ಶರಣರ ಹೆಸರು ಹೇಳುವ ನಾವು ಆ ಮಾತಿಗೆ ದನಿಗೂಡಿಸಲಾಗದು. 2015ರಲ್ಲಿ ಚಂದ್ರ ತಲೆಕೆಳಗಾಗಿದ್ದಾನೆ, ಇಂತಿಷ್ಟು ಗಂಟೆಗೆ ಇನ್ನೂ ದೊಡ್ಡದು ಬರುತ್ತದೆಂದು ನಾಸಾ ಹೇಳಿದೆ ಎಂಬ ಸಂದೇಶಗಳು ಹರಿದಾಡಿದ್ದನ್ನು ಹಲವರು ಮರೆತಿರಲಿಕ್ಕಿಲ್ಲ. ಅಮಾವಾಸ್ಯೆಯ ಸಂದೇಶವೂ ಅದೇ ಕುಲದ್ದು.

ನೇಪಾಳದ ಗೋಡೆಯ ಕಥೆ ನಮಗೆ ಹೊಸದೇನಲ್ಲ. 1993ರ ಸೆಪ್ಟೆಂಬರ್ 30ರಂದು ನಸುಕಿನ ನಾಲ್ಕರ ಸುಮಾರಿಗೆ ಬೀದರ್, ಕಲಬುರಗಿಗಳಿಗೆ ಹೊಂದಿಕೊಂಡ ಲಾತೂರ್ ಸೀಮೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಹಿಂದಿನ ದಿನ ಗಣಪತಿ ವಿಸರ್ಜನೆಯಾಗಿತ್ತು, ಜನ ದಣಿದು ಮಲಗಿದ್ದರು. ಪ್ರಮಾಣ 6.2ರ ಆಸುಪಾಸು. ದಪ್ಪ ಕಲ್ಲುಗೋಡೆ, ಮಣ್ಣಿನ ಭಾರದ ಮಾಳಿಗೆ. ಎಂಟು ಸಾವಿರದಷ್ಟು ಜನ ಅದರಡಿ ಹೋದರು. ನಮ್ಮ ಬೀಗರು ನೆಂಟರೇ ಅಲ್ಲಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1992ರಲ್ಲಿ, ಕಿಲ್ಲಾರಿಯಲ್ಲಿ ಸಣ್ಣ ನಡುಕಗಳಾಗಿದ್ದವು. ಹಾಗೆಂದು ಸಣ್ಣ ನಡುಕವೆಲ್ಲ ಮುನ್ಸೂಚನೆಯೆಂದು ತಿಳಿಯಬಾರದು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಜನ ಮನೆ ಬಿಟ್ಟು ಬಯಲಲ್ಲಿ ಮಲಗುವಷ್ಟು ನಡುಕಗಳಾದವು, ಮಳೆನೀರು ಬಂಡೆಯ ಬಿರುಕುಗಳಿಗೆ ಇಳಿದದ್ದು ಕಾರಣವೆಂದು ತಜ್ಞರು ಹೇಳಿದರು, ದೊಡ್ಡದೇನೂ ಬರಲಿಲ್ಲ. ಮೊದಲೇ ಯಾವುದು ಯಾವುದೆಂದು ತಿಳಿಯದಿರುವುದರಿಂದಲೇ ಗೋಡೆಯನ್ನು ನೋಡಬೇಕಾಗಿದೆ.

ಯಾತ್ರೆಯ ವಿಷಯಕ್ಕೆ ಬರುತ್ತೇನೆ. ಪ್ರಕಟವಾದ ದಾಖಲೆಗಳಲ್ಲಿ ಈ ತಿಂಗಳ ಯಾತ್ರೆಯನ್ನು ಬಿಡಿಸುವಂಥದ್ದನ್ನು ನಾನು ಕಾಣಲಿಲ್ಲ. ಅಪಾಯವಿಲ್ಲವೆಂದು ಯಾರೂ ಬರೆದುಕೊಡಲಾರರು ಎಂಬುದನ್ನೂ ಆ ಹಿರಿಯರಿಗೆ ತಿಳಿಸಿದೆ. ಅವರು ಹೊರಡುವುದೆಂದು ನಿಶ್ಚಯಿಸಿದ್ದಾರೆ. ಹೋಗುವವರು ಹಳೆಯ ಇಟ್ಟಿಗೆಯ ಮನೆಗಳನ್ನು ಮಾರ್ಪಡಿಸಿದ ಅಗ್ಗದ ವಸತಿಗೃಹಗಳನ್ನು ಬಿಟ್ಟು, 2015ರ ನಂತರ ನಿಯಮದಂತೆ ಕಟ್ಟಿದ ಕಟ್ಟಡವನ್ನು ಕೇಳಿ ಇಳಿದುಕೊಳ್ಳಲಿ. ತಲೆದೆಸೆಯಲ್ಲಿ ಟಾರ್ಚು, ಪಾದರಕ್ಷೆ ಇರಲಿ. ಕಂಪನದ ಸುದ್ದಿ ಬೇಕಾದವರಿಗೆ ನಮ್ಮ ರಾಷ್ಟ್ರೀಯ ಭೂಕಂಪನ ಕೇಂದ್ರದ ‘ಭೂಕಂಪ್’ ಆ್ಯಪ್ ಇದೆ.

ಬರೆಯುತ್ತ ಹೋದಂತೆ ನಮ್ಮ ಪ್ರಸಾದ ನಿಲಯದ ಹಿಂಬದಿಯ ಕಟ್ಟಡ ಕಣ್ಣಿಗೆ ಕಟ್ಟಿತು. ಅದು ಹಿಂದಿನ ಲಿಂಗೈಕ್ಯ ಪೂಜ್ಯರ ಕಾಲದ ಕಲ್ಲುಮಣ್ಣಿನದು, ಮೇಲೆ ಮಣ್ಣಿನ ಮಾಳಿಗೆ. ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಅಲ್ಲಿ ಮಲಗುತ್ತಾರೆ. ಪ್ರತಿ ವರ್ಷ ಸುಣ್ಣ ಹೊಡೆಸುವ ಲೆಕ್ಕ ನನ್ನ ಕಡತದಲ್ಲಿದೆ. ಎಂಜಿನಿಯರನ್ನು ಕರೆಸಿ ಗೋಡೆ ತೋರಿಸಿದ ಲೆಕ್ಕ ಇಲ್ಲ. ಇದು ಕಾರ್ಯದರ್ಶಿಯಾದ ನನ್ನ ಲೋಪ. ಪೂಜ್ಯರಿಗೆ ಅರಿಕೆ ಮಾಡಿಕೊಂಡಾಗ, ವರದಿ ಬರುವವರೆಗೆ ವಿದ್ಯಾರ್ಥಿಗಳನ್ನು ದಾಸೋಹ ಮಂಟಪದ ಪಕ್ಕದ ಹೊಸ ಸಭಾಂಗಣಕ್ಕೆ ಸ್ಥಳಾಂತರಿಸಲು ಅಪ್ಪಣೆಯಾಯಿತು. ಸೋಮವಾರದಿಂದ ಅವರ ಹಾಸಿಗೆಗಳು ಅಲ್ಲಿವೆ. ಭಕ್ತರಲ್ಲಿ ಕಟ್ಟಡ ಎಂಜಿನಿಯರುಗಳಿದ್ದು, ಇಂಥ ಹಳೆಯ ಗೋಡೆಗಳ ಪರೀಕ್ಷೆಯ ಅನುಭವವುಳ್ಳವರು ಕಾರ್ಯಾಲಯವನ್ನು ಸಂಪರ್ಕಿಸಬೇಕೆಂದು ಕೋರುತ್ತೇನೆ.